ಅಪ್ಪ ಮಕ್ಕಳ ಪುಸ್ತಕ ಓದಿದರೆ ಗಾಬರಿಯೇಕೆ?

"ಡಾಕ್ಟ್ರೇ, ಇವರಿಗೆ ಅರಳು ಮರಳು ಶುರುವಾಗಿದೆಯಾ ಅಂತ ಸ್ವಲ್ಪ ನೋಡಿ" ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದರು. ಪಕ್ಕದ ಕುರ್ಚಿಯಲ್ಲಿದ್ದ ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತಿದ್ದರು. ಅವರಿಗೆ 61 ವರ್ಷ. ಬ್ಯಾಂಕಿನಲ್ಲಿ 35 ವರ್ಷ ದುಡಿದು ನಿವೃತ್ತರಾಗಿ ಹತ್ತು ತಿಂಗಳಾಗಿತ್ತು.

ಆಕೆ ಹೇಳಿದ್ದು ಇಷ್ಟು. ರಾತ್ರಿ 2 ಗಂಟೆಗೆ ಎಚ್ಚರವಾದರೆ ಇವರು ಹಾಸಿಗೆಯಲ್ಲಿ ಇರುವುದಿಲ್ಲ. ನಡುಮನೆಯಲ್ಲಿ ದೀಪ ಹಾಕಿಕೊಂಡು ಏನೋ ಓದುತ್ತಿರುತ್ತಾರೆ. ಹತ್ತಿರ ಹೋದರೆ ಪುಸ್ತಕವನ್ನು ದಿನಪತ್ರಿಕೆಯ ಕೆಳಗೆ ಸರಿಸಿಬಿಡುತ್ತಾರೆ. ಒಂದು ದಿನ ಆಕೆ ಪತ್ರಿಕೆ ಎತ್ತಿ ನೋಡಿದರು. ಅಟ್ಟದ ಟ್ರಂಕಿನಲ್ಲಿದ್ದ, ಮಗ ಎರಡನೇ ಕ್ಲಾಸಿನಲ್ಲಿದ್ದಾಗ ತಂದ 'ಬೊಮ್ಮನಹಳ್ಳಿಯ ಕಿಂದರಿಜೋಗಿ'! ಓದುತ್ತಿದ್ದವರ ಕಣ್ಣಲ್ಲಿ ನೀರು ಬೇರೆ. ಗಾಬರಿಯಾಗಿ ಅಮೆರಿಕದಲ್ಲಿರುವ ಮಗನಿಗೆ ಫೋನು ಮಾಡಿದರೆ, "ಅಮ್ಮಾ, ಡಿಮೆನ್ಷಿಯಾ ಇರಬಹುದು, ತಡಮಾಡದೆ ತೋರಿಸು" ಎಂದನಂತೆ. ಅಷ್ಟರಲ್ಲಿ ನೆರೆಮನೆಯವರು ಕೊಟ್ಟ ನಿದ್ದೆ ಮಾತ್ರೆಯನ್ನು ನಾಲ್ಕು ರಾತ್ರಿ ನುಂಗಿಸಿಯೂ ಆಗಿತ್ತು. ನಾಲ್ಕನೆಯ ರಾತ್ರಿ ಬಚ್ಚಲಿಗೆ ಎದ್ದವರು ಜೋಲಿ ಹೊಡೆದು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮಗನ ಸಂಶಯವನ್ನು ತಳ್ಳಿಹಾಕುವಂತಿರಲಿಲ್ಲ. ಆದ್ದರಿಂದ ಕ್ರಮವಾಗಿ ಪರೀಕ್ಷೆ ಮಾಡಿದೆ. ಇಂದು ಯಾವ ವಾರ, ಯಾವ ತಾರೀಕು ಎಂದು ಕೇಳಿದೆ. ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಮತ್ತೆ ಕೇಳಿದೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದೆ. ಬ್ಯಾಂಕಿನವರಲ್ಲವೇ, ನನಗಿಂತ ಬೇಗ ಕಳೆದರು. ಬಿ.ಪಿ., ಸಕ್ಕರೆ, ಥೈರಾಯ್ಡ್, ಬಿ-12 ಎಲ್ಲವೂ ಸರಿಯಾಗಿದ್ದವು. ಮನೆಯ ಲೆಕ್ಕ, ವಿದ್ಯುತ್ ಬಿಲ್ಲು, ಪೇಟೆಯ ವ್ಯವಹಾರ ಅವರೇ ನೋಡಿಕೊಳ್ಳುತ್ತಿದ್ದರು. ಹಾಗಾದರೆ ರಾತ್ರಿ ಹೊತ್ತು ಈ ಪುಸ್ತಕವೇಕೆ?

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು. "ಚಿಕ್ಕವನಿದ್ದಾಗ ಓದಿದರೆ ನನಗೆ ಇಲಿಗಳೇ ಕಾಣಿಸ್ತಿದ್ದವು ಡಾಕ್ಟ್ರೇ. ಮಗನಿಗೆ ಓದಿ ಹೇಳುವಾಗಲೂ ಇಲಿಗಳನ್ನೇ ಕುಣಿಸ್ತಿದ್ದೆ. ಈಗ ಓದಿದರೆ, ಮಕ್ಕಳೆಲ್ಲ ಹೊರಟುಹೋದ ಮೇಲೆ ಆ ಊರು ಹೇಗಿತ್ತೋ ಅನ್ನಿಸ್ತದೆ."

ಕಥೆ ನಿಮಗೂ ಗೊತ್ತು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ, ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದು ಕೂರಿಸಿದರು. ಇಲಿಗಳ ಕಾಟ ತಪ್ಪಿಸಿದ ಜೋಗಿಗೆ ಊರ ಗೌಡ ಹೇಳಿದ ಹಣ ಕೊಡುವುದಿಲ್ಲ. ಜೋಗಿ ಮತ್ತೆ ಕಿಂದರಿ ನುಡಿಸಿ ಊರಿನ ಮಕ್ಕಳನ್ನೆಲ್ಲ ಬೆಟ್ಟದೊಳಕ್ಕೆ ಕರೆದೊಯ್ಯುತ್ತಾನೆ. ಕುಂಟ ಹುಡುಗನೊಬ್ಬ ಮಾತ್ರ ಹಿಂದೆ ಉಳಿಯುತ್ತಾನೆ. ಏಳು ವರ್ಷದವರಿಗೆ ಇದು ಇಲಿಗಳ ಕುಣಿತ. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ ಇರುವ ತಂದೆಗೆ ಬೇರೆ ಕಥೆ. ಪುಸ್ತಕ ಅದೇ, ಓದುವವನ ವಯಸ್ಸು ಬೇರೆ. ಅವರು ಅತ್ತದ್ದು ಬುದ್ಧಿ ಮಂಕಾಗಿ ಅಲ್ಲ, ಕಥೆ ಪೂರ್ತಿ ಅರ್ಥವಾಗಿ.

ಮಕ್ಕಳ ಪುಸ್ತಕವನ್ನು ದೊಡ್ಡವರು ಓದಿದರೆ ಮನೆಯವರಿಗೆ ನಗು ಬರುತ್ತದೆ, ಇಲ್ಲವೇ ಭಯವಾಗುತ್ತದೆ. ಓದುವವರಿಗೆ ನಾಚಿಕೆ. ಅರವತ್ತು ವರ್ಷದವರು ಕ್ರಿಕೆಟ್ ನೋಡಿ ಕೂಗಾಡಿದರೆ ಯಾರೂ ಡಾಕ್ಟರ ಬಳಿ ಕರೆತರುವುದಿಲ್ಲ. 'ತುತ್ತೂರಿ' ಓದಿದರೆ ಮಾತ್ರ ಏಕೆ? ನಾರ್ನಿಯಾ ಕಥೆಗಳನ್ನು ಬರೆದ ಸಿ.ಎಸ್. ಲೂಯಿಸ್ 1950ರಲ್ಲಿ ಆ ಸಾಲಿನ ಮೊದಲ ಪುಸ್ತಕವನ್ನು ಒಬ್ಬ ಹುಡುಗಿಗೆ ಅರ್ಪಿಸಿದರು. ಪುಸ್ತಕ ಸಿದ್ಧವಾಗುವಷ್ಟರಲ್ಲಿ ಆಕೆ ಇಂಥ ಕಥೆ ಓದುವ ವಯಸ್ಸು ದಾಟಿರುತ್ತಾಳೆಂದು ಅವರಿಗೆ ಗೊತ್ತಿತ್ತು. ಮುಂದೊಂದು ದಿನ ಮತ್ತೆ ಇಂಥ ಕಥೆ ಓದುವಷ್ಟು ದೊಡ್ಡವಳಾಗುತ್ತೀಯೆ ಎಂಬ ಅರ್ಥದ ಮಾತನ್ನು ಅರ್ಪಣೆಯಲ್ಲೇ ಬರೆದರು. ವೈದ್ಯನಾಗಿ ನನಗೆ ಈ ಮಾತು ಸರಿ ಎನ್ನಿಸುತ್ತದೆ. ನಡುವಿನ ಇಪ್ಪತ್ತು ಮೂವತ್ತು ವರ್ಷ ಓದು ಎಂದರೆ ಪರೀಕ್ಷೆ, ಫೈಲು, ಷೇರು ಪೇಟೆಯ ಸುದ್ದಿ. ಓದುವ ಸುಖಕ್ಕೆಂದೇ ಓದುವುದು ಬಿಟ್ಟೇಹೋಗಿರುತ್ತದೆ.

ಹಳೆಯದರ ಹಂಬಲವನ್ನು ಕಾಯಿಲೆ ಎಂದೇ ಭಾವಿಸಿದ ಕಾಲವೂ ಇತ್ತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನ್ನೆಸ್ ಹೋಫರ್, ಊರು ಬಿಟ್ಟು ಹೋದವರು ಊರಿಗಾಗಿ ಕೊರಗಿ ಸೊರಗುವುದಕ್ಕೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟು ತನ್ನ ಪ್ರಬಂಧ ಬರೆದ. ಪರದೇಶದ ಸೈನ್ಯಗಳಲ್ಲಿದ್ದ ಸ್ವಿಸ್ ಸಿಪಾಯಿಗಳಿಗೆ ಈ 'ರೋಗ' ಬರುತ್ತದೆಂದು ಬಹಳ ಕಾಲ ನಂಬಿದ್ದರು. ಈಗ ಆ ನೋಟ ಬದಲಾಗಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಟಿಮ್ ವಿಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕಿಡಿಸ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಬೇರೆಯೇ ಚಿತ್ರ ಕಂಡಿತು. ಒಂಟಿತನ ಕಾಡುವಾಗ ಮನಸ್ಸು ತಾನಾಗಿಯೇ ಹಳೆಯ ನೆನಪಿಗೆ ಮರಳುತ್ತದೆ. ಆ ನೆನಪು 'ನನಗೂ ನನ್ನವರಿದ್ದಾರೆ' ಎಂಬ ಭಾವವನ್ನು ಗಟ್ಟಿ ಮಾಡುತ್ತದೆ. ನಮ್ಮ ನಿವೃತ್ತ ಅಧಿಕಾರಿಗಳ ಮನಸ್ಸು ಮಾಡಿದ್ದೂ ಇದನ್ನೇ. ಯಾರೂ ಹೇಳದೆ ಅಟ್ಟ ಹತ್ತಿ ಟ್ರಂಕು ತೆರೆದರು.

ಆದರೆ ನಿದ್ದೆಯ ತೊಂದರೆ ನಿಜವಾಗಿಯೂ ಇತ್ತು. ವಿಚಾರಿಸಿದಾಗ ಕಾರಣಗಳು ಒಂದೊಂದಾಗಿ ಹೊರಬಂದವು. ನಿವೃತ್ತಿಯ ನಂತರ ಮಧ್ಯಾಹ್ನ ಎರಡು ಗಂಟೆ ಮಲಗುವ ಅಭ್ಯಾಸ. ಸಂಜೆ ಆರೂವರೆಗೆ ಗಟ್ಟಿ ಕಾಫಿ. ರಾತ್ರಿ ಊಟದ ಮೇಲೆ ಟಿ.ವಿ.ಯಲ್ಲಿ ಜಗಳದ ಚರ್ಚೆ. ಹಾಸಿಗೆಗೆ ಹೋದ ಮೇಲೆ ಕೈಯಲ್ಲಿ ಮೊಬೈಲು. ಇಷ್ಟಿದ್ದರೆ ಇಪ್ಪತ್ತು ವರ್ಷದವನಿಗೂ ನಿದ್ದೆ ಬಾರದು!

ಬೇರೆಯವರ ನಿದ್ದೆ ಮಾತ್ರೆಯನ್ನು ಮೊದಲು ನಿಲ್ಲಿಸಿದೆ. ಅರವತ್ತು ದಾಟಿದವರಲ್ಲಿ ಈ ಮಾತ್ರೆಗಳಿಂದ ತಲೆ ಜೋಮು, ಮರೆವು, ರಾತ್ರಿ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿಯುವುದು ಎಲ್ಲವೂ ಆಗಬಹುದು. ಕೆಲವು ಮಾತ್ರೆಗಳು ಚಟವಾಗಿ ಅಂಟಿಕೊಳ್ಳುತ್ತವೆ. (ತಿಂಗಳುಗಟ್ಟಲೆ ನುಂಗುತ್ತಿರುವವರು ಮಾತ್ರ ಒಮ್ಮೆಲೇ ಬಿಡಬಾರದು, ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು.) ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಇಳಿಯಿತು. ಸಂಜೆಯ ಕಾಫಿ ನಾಲ್ಕು ಗಂಟೆಗೇ ಮುಗಿಯಬೇಕಾಯಿತು. ಕಿಂದರಿಜೋಗಿಯನ್ನು ಮಾತ್ರ ನಿಲ್ಲಿಸಲಿಲ್ಲ. "ಓದಿ, ಆದರೆ ಕದ್ದು ಓದಬೇಡಿ" ಎಂದೆ. ಪತ್ನಿ ನನ್ನನ್ನು ನೋಡಿದ ನೋಟದಲ್ಲಿ, ಈ ಡಾಕ್ಟರಿಗೂ ಏನೋ ಆಗಿದೆ ಎಂಬಂತಿತ್ತು.

ಅದಕ್ಕೆ ಕಾರಣವಿದೆ. ಹಾಸಿಗೆಯಲ್ಲಿ ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಅಲ್ಲೇ ಹೊರಳಾಡಬೇಡಿ, ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಮನಸ್ಸನ್ನು ಕೆರಳಿಸದ ಏನಾದರೂ ಮಾಡಿ, ಕಣ್ಣು ಎಳೆಯತೊಡಗಿದಾಗ ಬಂದು ಮಲಗಿ ಎಂದು ನಿದ್ರಾತಜ್ಞರು ಹೇಳುತ್ತಾರೆ. ಹಾಸಿಗೆ ಎಂದರೆ ನಿದ್ದೆ ಎಂಬ ನಂಟನ್ನು ಮಿದುಳಿಗೆ ಮತ್ತೆ ಕಲಿಸುವ ಕ್ರಮ ಇದು. ಆ ಅರ್ಧ ಗಂಟೆಗೆ ಏನು ಓದುವುದು? ಪತ್ತೇದಾರಿ ಕಾದಂಬರಿ ಹಿಡಿದರೆ ಕೊಲೆಗಾರ ಸಿಗುವವರೆಗೆ ಬಿಡಲಾಗದು. ದಿನಪತ್ರಿಕೆಯಲ್ಲಿ ಅಪಘಾತ, ಹಗರಣ (ನಮ್ಮ ಪತ್ರಿಕೆಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ). ಧರ್ಮಗ್ರಂಥ ಕೆಲವರಿಗೆ ಹಿತ, ಕೆಲವರಿಗೆ ಇನ್ನಷ್ಟು ಚಿಂತೆ. ಚಿಕ್ಕಂದಿನಲ್ಲಿ ಓದಿದ ಕಥೆಯಾದರೆ ಮುಂದೇನು ಎಂಬ ಆತುರವಿಲ್ಲ. ವಾಕ್ಯ ಚಿಕ್ಕದು, ಅಕ್ಷರ ದಪ್ಪ, ಎಲ್ಲಿ ಬೇಕಾದರೂ ಮುಚ್ಚಿಡಬಹುದು. ಅದೇ ಹೊತ್ತಿಗೆ, ಪೂರ್ತಿ ಖಾಲಿ ಕೂತರೆ ಸುತ್ತಿಕೊಳ್ಳುವ 'ಅಯ್ಯೋ ಹೀಗಾಯಿತಲ್ಲ, ಹಾಗಾದರೇನು ಗತಿ' ಎಂಬ ಚಿಂತೆಯ ಗಾಣಕ್ಕೆ ಅದು ಅಡ್ಡ ಬರುತ್ತದೆ. ಉಸಿರು ನಿಧಾನವಾಗುತ್ತದೆ, ಭುಜದ ಬಿಗಿ ಸಡಿಲುತ್ತದೆ.

ಈ ಕೆಲಸಕ್ಕೆ ಹಳೆಯ 'ಚಂದಮಾಮ'ದ ಬೇತಾಳ ಕಥೆಗಳಷ್ಟು ಒಳ್ಳೆಯವು ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. 1947ರ ಜುಲೈನಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟ 'ಚಂದಮಾಮ' ಎರಡು ವರ್ಷದ ನಂತರ, 1949ರಲ್ಲಿ ಕನ್ನಡಕ್ಕೂ ಬಂತು. ಈಗ ಬರುತ್ತಿಲ್ಲ. ಆದರೆ ಬೈಂಡು ಮಾಡಿಸಿದ ಸಂಪುಟಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಕಲಾವಿದ ಶಂಕರ್ ಬರೆದ ಆ ಚಿತ್ರ, ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ ಹೊತ್ತು ನಡೆವ ರಾಜ, ಕಂಡ ಕೂಡಲೇ ಯಾವ ಚಾಪೆಯ ಮೇಲೆ ಕೂತು ಓದಿದ್ದೆವು, ಮನೆಯಲ್ಲಿ ಯಾರು ಮೊದಲು ಕಿತ್ತುಕೊಳ್ಳುತ್ತಿದ್ದರು ಎಲ್ಲವೂ ನೆನಪಾಗುತ್ತದೆ. ಕಥೆ ಮುಗಿದೊಡನೆ ಬೇತಾಳ ಮತ್ತೆ ಮರಕ್ಕೆ ಹಾರುವುದು ಖಚಿತ. ಹೆಣದ ಕಥೆಯಾದರೂ ಭಯವಿಲ್ಲ. ಎರಡು ಕಥೆಗೆ ಆಕಳಿಕೆ ಬಂದೇ ಬರುತ್ತದೆ.

ಪುಸ್ತಕ ಎಂದರೆ ಕಾಗದದ ಪುಸ್ತಕ, ಗಮನವಿರಲಿ. ಬೋಸ್ಟನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ಮಂದಿ ತರುಣರನ್ನು ಐದು ರಾತ್ರಿ ಬೆಳಕು ಸೂಸುವ ಪರದೆಯ ಮೇಲೆ, ಐದು ರಾತ್ರಿ ಮುದ್ರಿತ ಪುಸ್ತಕದಲ್ಲಿ ಓದಿಸಿದರು. ಪರದೆಯ ರಾತ್ರಿಗಳಲ್ಲಿ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು. ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೊನಿನ್ ಹಾರ್ಮೋನು ಕುಗ್ಗಿತ್ತು, ಮರುದಿನ ಬೆಳಿಗ್ಗೆ ಮಂಪರು ಹೆಚ್ಚಿತ್ತು. ಚಿಕ್ಕ ಅಧ್ಯಯನವೇ ಸರಿ. ಆದರೂ ಮೊಬೈಲಿನಲ್ಲಿ ಕಥೆ ಓದಲು ಹೊರಟವರು ಎರಡು ನಿಮಿಷಕ್ಕೆ ವಾಟ್ಸಾಪಿಗೆ ಜಾರುವುದನ್ನು ತಿಳಿಯಲು ಯಾವ ಅಧ್ಯಯನವೂ ಬೇಡ.

ಓದುವವರ ಆಯುಸ್ಸು ಹೆಚ್ಚು ಎಂಬ ಮಾತನ್ನೂ ನೀವು ಕೇಳಿರಬಹುದು. 2016ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 50 ದಾಟಿದ 3,635 ಜನರ ಮಾಹಿತಿ ನೋಡಿದಾಗ, ಪುಸ್ತಕ ಓದುವವರು ಓದದವರಿಗಿಂತ ಸುಮಾರು 23 ತಿಂಗಳು ಹೆಚ್ಚು ಬಾಳಿದ್ದು ಕಂಡಿತು. ಓದಿದ್ದರಿಂದಲೇ ಬಾಳಿದರು ಎಂದು ಇದರಿಂದ ಸಾಧಿಸಲಾಗದು. ಆಯುಸ್ಸಿಗಾಗಿ ಬೇತಾಳ ಕಥೆ ಓದಿ ಎಂದು ನಾನಂತೂ ಬರೆದುಕೊಡುವುದಿಲ್ಲ.

ಇನ್ನು ಹದಿಹರೆಯದವರ ಮಾತು. ಪಿ.ಯು. ಎರಡನೇ ವರ್ಷದ ಹುಡುಗಿಯೊಬ್ಬಳನ್ನು ತಾಯಿ ಕರೆತಂದಿದ್ದರು. ತಲೆನೋವು, ಹೊಟ್ಟೆ ತೊಳಸು, ರಾತ್ರಿ ಒಂದರವರೆಗೆ ಓದು. ದೂರು ಮಾತ್ರ ಬೇರೆ: "ಇಷ್ಟು ಓದೋದಿದ್ದರೂ ಐದನೇ ಕ್ಲಾಸಿನ ಪುಸ್ತಕ ಹಿಡ್ಕೊಂಡು ಕೂತಿರ್ತಾಳೆ ಸಾರ್. ಕಿತ್ತು ಬೀರುವಿನಲ್ಲಿ ಇಟ್ಟಿದ್ದೀನಿ." ಆ ಪುಸ್ತಕ 'ತೊತ್ತೊ-ಚಾನ್'. ಜಪಾನಿನ ತೆತ್ಸುಕೊ ಕುರೊಯಾನಗಿ 1981ರಲ್ಲಿ ಪ್ರಕಟಿಸಿದ ತಮ್ಮ ಬಾಲ್ಯದ ಕಥೆ. ಕನ್ನಡದಲ್ಲೂ ಇದೆ. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ, ರೈಲು ಡಬ್ಬಿಗಳಲ್ಲಿ ಪಾಠ ನಡೆಯುವ ಹೊಸ ಶಾಲೆಗೆ ಸೇರುತ್ತಾಳೆ. ಮೊದಲ ದಿನ ಅಲ್ಲಿಯ ಮುಖ್ಯೋಪಾಧ್ಯಾಯರು ಅವಳ ಮಾತನ್ನು ನಾಲ್ಕು ಗಂಟೆ ಕೂತು ಕೇಳುತ್ತಾರೆ. ನನ್ನ ಮುಂದಿದ್ದ ಹುಡುಗಿ ಆ ಭಾಗವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಅಂಕ ಎಷ್ಟು ಎಂಬುದನ್ನು ಬಿಟ್ಟು ಬೇರೆ ಮಾತನ್ನು ಅವಳಿಂದ ಯಾರೂ ಕೇಳಿ ಎಷ್ಟು ತಿಂಗಳಾಗಿತ್ತೋ!

ತಾಯಿಗೆ ಹೇಳಿದ್ದು ಎರಡೇ ಮಾತು. ಈ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು, ಹಾಗಾಗಿ ಪಠ್ಯದ ಓದು ಹತ್ತು ಗಂಟೆಗೆ ಮುಗಿಯಲಿ. ಆಮೇಲೆ ಇಪ್ಪತ್ತು ನಿಮಿಷ ಆ ಪುಸ್ತಕ ಅವಳ ಕೈಯಲ್ಲೇ ಇರಲಿ. ತಾಯಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಪುಸ್ತಕ ಬೀರುವಿನಿಂದ ಹೊರಬಂತು, ತಲೆನೋವು ಪರೀಕ್ಷೆ ಮುಗಿದ ಮೇಲೆ ಹೋಯಿತು.

ಮಕ್ಕಳ ಪದ್ಯಗಳದ್ದು ಇನ್ನೂ ವಿಶೇಷ. ಮಿದುಳಿನ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆದು ಮಾತು ಹೋದವರಲ್ಲಿ ಕೆಲವರಿಗೆ 'ನೀರು' ಎನ್ನಲು ಬಾಯಿ ತಿರುಗದಿದ್ದರೂ, ಬಾಲ್ಯದಲ್ಲಿ ಬಾಯಿಪಾಠವಾದ ಹಾಡು ಪದ್ಯಗಳು ಬರುತ್ತವೆ. ಪಂಜೆ ಮಂಗೇಶರಾಯರ ನಾಗರಹಾವಿನ ಪದ್ಯವನ್ನು ಮಗಳು ಅರ್ಧ ಹೇಳಿ ನಿಲ್ಲಿಸಿದಾಗ ತಾಯಿ ಮುಂದುವರಿಸಬಹುದು. ಇದರಿಂದ ಮಾತು ಮರಳಿತೆಂದು ತಿಳಿಯಬಾರದು, ಮಾತಿನ ಚಿಕಿತ್ಸೆ ಬೇಕೇ ಬೇಕು. ಆದರೆ ತಿಂಗಳುಗಟ್ಟಲೆ ಮೂಕವಾಗಿದ್ದ ಮನೆಯಲ್ಲಿ ಆ ನಾಲ್ಕು ಸಾಲು ಕೇಳಿದವರಿಗೇ ಅದರ ಬೆಲೆ ಗೊತ್ತು. ಮರೆವಿನ ಕಾಯಿಲೆ ಇರುವವರಿಗೂ ನಿನ್ನೆಯದು ಮರೆತು ಹಳೆಯದು ಉಳಿದಿರುವುದು ಸಾಮಾನ್ಯ. ಅವರ ಕಾಲದ ಪಠ್ಯಪುಸ್ತಕ, ಚಿತ್ರ, ಪದ್ಯ ಮುಂದಿಟ್ಟು ಮಾತಿಗೆ ಎಳೆಯಿರಿ. "ನೆನಪಿದೆಯಾ, ಹೇಳು ನೋಡೋಣ" ಎಂದು ಪರೀಕ್ಷೆ ಮಾಡಬೇಡಿ.

ಎಲ್ಲವನ್ನೂ ಪುಸ್ತಕಕ್ಕೆ ಒಪ್ಪಿಸಿ ಕೂರುವಂತಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ದೊಡ್ಡ ಕಾದಂಬರಿಗಳನ್ನು ಓದುತ್ತಿದ್ದವರು ಈಗ ಮಕ್ಕಳ ಕಥೆಯನ್ನಷ್ಟೇ ಓದಬಲ್ಲರು, ಅದರಲ್ಲೂ ಹಿಂದಿನ ಪುಟ ಮರೆಯುತ್ತಾರೆ, ಓದಿದ್ದೇನೆಂದು ಕೇಳಿದರೆ ಹೇಳಲಾರರು, ಜೊತೆಗೆ ಪರಿಚಿತ ದಾರಿಯಲ್ಲಿ ತಪ್ಪುತ್ತಾರೆ, ಹಣದ ಲೆಕ್ಕ ಗೊಂದಲವಾಗುತ್ತದೆ ಎಂದರೆ ಆಗ ಮರೆವಿನ ಕಾಯಿಲೆಯ ಪರೀಕ್ಷೆ ಬೇಕು. ಆ ಅಮೆರಿಕದ ಮಗ ಹೆದರಿದ್ದು ತಪ್ಪಲ್ಲ, ಕಾರಣ ಹಿಡಿದದ್ದು ತಪ್ಪು. ಪ್ರೀತಿಯ ಪುಸ್ತಕವೂ ರುಚಿಸುತ್ತಿಲ್ಲ, ಒಂದು ಪುಟಕ್ಕೂ ಮನಸ್ಸು ನಿಲ್ಲುತ್ತಿಲ್ಲ, ಊಟ ಸೇರದು, ಬೆಳಗಿನ ಜಾವಕ್ಕೇ ಎಚ್ಚರ, ಬೇಸರ ಎರಡು ವಾರ ದಾಟಿದರೂ ಇಳಿಯದು ಎಂದಾದರೆ ಅದು ಖಿನ್ನತೆ ಇರಬಹುದು. ಬದುಕೇ ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯುವುದೂ ಬೇಡ, ಅಂದೇ ವೈದ್ಯರಿಗೆ ತೋರಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಮತ್ತೊಂದು ಮಾತು, ಬಾಲ್ಯ ಎಲ್ಲರಿಗೂ ಸಿಹಿಯಾಗಿರುವುದಿಲ್ಲ. ಹಳೆಯ ಪುಸ್ತಕ ತೆರೆದರೆ ಎದೆ ಬಡಿದುಕೊಳ್ಳುತ್ತದೆ, ಹೊಡೆತ ಹಸಿವೆಗಳೇ ನೆನಪಾಗುತ್ತವೆ ಎನ್ನುವವರು ಅದನ್ನು ಮುಚ್ಚಿಡಿ. ಅಂಥವರು ಈಗಿನ ಹೊಸ ಮಕ್ಕಳ ಪುಸ್ತಕವನ್ನು ಓದಿ ಸುಖಪಡುವುದನ್ನು ಕಂಡಿದ್ದೇನೆ. ಚಿಕ್ಕಂದಿನಲ್ಲಿ ಪುಸ್ತಕವನ್ನೇ ಕಾಣದೆ ಬೆಳೆದವರಂತೂ ಐವತ್ತರಲ್ಲಿ ಮೊದಲ ಬಾರಿ ಶಿವರಾಮ ಕಾರಂತರ 'ಬಾಲ ಪ್ರಪಂಚ' ತೆರೆದರೆ ಯಾರ ಅಪ್ಪಣೆಯೂ ಬೇಕಿಲ್ಲ. ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋಗಲು ಸಂಕೋಚವಾದರೆ ಮೊಮ್ಮಗನಿಗೆಂದು ಹೇಳಿ ತನ್ನಿ!

ಬ್ಯಾಂಕಿನ ಯಜಮಾನರು ಮೂರು ವಾರದ ನಂತರ ಬಂದರು. ರಾತ್ರಿ ಎಚ್ಚರವಾಗುವುದು ವಾರದಲ್ಲಿ ಒಂದೆರಡು ದಿನಕ್ಕೆ ಇಳಿದಿತ್ತು. ಭಾನುವಾರ ಬೆಳಿಗ್ಗೆ, ಅಮೆರಿಕದಲ್ಲಿ ಆಗ ಶನಿವಾರ ರಾತ್ರಿ, ಐದು ವರ್ಷದ ಮೊಮ್ಮಗಳಿಗೆ ಫೋನಿನಲ್ಲಿ ಕಿಂದರಿಜೋಗಿ ಓದಿ ಹೇಳುತ್ತಾರಂತೆ. "ಅರ್ಧ ಪದ ಅವಳಿಗೆ ತಿಳಿಯೋದಿಲ್ಲ. ಇಲಿಗಳು ಬಂದಾಗ ಮಾತ್ರ ಕಿರುಚ್ತಾಳೆ" ಎಂದರು. ಪತ್ನಿ ಪಕ್ಕದಿಂದ, "ಮಗನೂ ಹಿಂದೆ ನಿಂತು ಕೇಳ್ತಾನೆ, ಇವರಿಗೆ ಕಾಣ್ಸೋದಿಲ್ಲ" ಎಂದು ಸೇರಿಸಿದರು. ಆದರೆ ಹೊಸ ದೂರೊಂದಿತ್ತು. ಓದಿದರೆ ಹಣೆಯಲ್ಲಿ ನೋವು, ಕಣ್ಣಲ್ಲಿ ನೀರು.

ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಂಜಾಗುವ ಚಾಳೀಸು ಮುಂದೆಯೂ ಸ್ವಲ್ಪ ಸ್ವಲ್ಪ ಏರುತ್ತದೆ. ಅವರ ಕನ್ನಡಕ ಏಳು ವರ್ಷದ್ದು. ದೀಪವೂ ಎದುರಿಗಿತ್ತು, ಬೆಳಕು ಪುಟದ ಮೇಲೆ ಬೀಳದೆ ಕಣ್ಣಿಗೇ ಹೊಡೆಯುತ್ತಿತ್ತು. ದೀಪವನ್ನು ಭುಜದ ಹಿಂದಕ್ಕೆ ಸರಿಸಲು ಹೇಳಿ, ಕಣ್ಣಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟೆ.